ಡಿವಿಡಿ ರೇಟು ಏರಿದಾಗ ಹುಬ್ಬಳ್ಳಿ-ಧಾರವಾಡದವರು ಕೊಳ್ಳುವ ಬಗೆ

ಹೋದ ತಿಂಗಳು 249 ರೂಪಾಯಿ ತೋರಿಸುತ್ತಿದ್ದ ಡಿವಿಡಿ ಈ ತಿಂಗಳು 899. ಕವರ್ ಅದೇ, ಡಿಸ್ಕ್ ಅದೇ, ಸೈಟೂ ಅದೇ. ಸಿಟ್ಟು ಬರುವುದು ಸಹಜ. ಆದರೆ 'ಇನ್ನೊಂದೇ ಉಳಿದಿದೆ' ಎಂಬ ಕೆಂಪಕ್ಷರ ನೋಡಿ ಗಡಿಬಿಡಿಯಲ್ಲಿ ಬಟನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು. ಆ 899 ಸಿನಿಮಾದ ಬೆಲೆಯೂ ಅಲ್ಲ, ಸೈಟಿನ ಬೆಲೆಯೂ ಅಲ್ಲ. ಯಾರೋ ಒಬ್ಬ ಮಾರಾಟಗಾರ ತನ್ನ ಬಳಿ ಇರುವ, ಅಥವಾ ಇದೆ ಎಂದು ಹೇಳಿಕೊಳ್ಳುವ, ಒಂದು ಪ್ರತಿಗೆ ಕೂಗಿದ ರೇಟು ಅದು. ಹುಬ್ಬಳ್ಳಿಯ ದುರ್ಗದ ಬೈಲಿನ ಮಾರುಕಟ್ಟೆಯಲ್ಲಿ ಮೊದಲು ಕೂಗಿದ ರೇಟಿಗೆ ಯಾರೂ ಸಾಮಾನು ಒಯ್ಯುವುದಿಲ್ಲ. ಆನ್‌ಲೈನ್‌ನಲ್ಲಿ ಚೌಕಾಸಿ ಮಾಡಲು ಬಾಯಿಲ್ಲ, ಅಷ್ಟೇ ವ್ಯತ್ಯಾಸ. ನೋಡುವ ಕಣ್ಣಿದ್ದರೆ ಚೌಕಾಸಿಯ ಅರ್ಧ ಕೆಲಸ ಆಗುತ್ತದೆ.

ರೇಟು ಏರುವುದು ಏಕೆ

2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಇಟ್ಟು ಮಾರುಕಟ್ಟೆಯನ್ನೇ ಅಲ್ಲಾಡಿಸಿತ್ತು. ಕಿರಾಣಿ ಅಂಗಡಿಯಲ್ಲೂ ಡಿಸ್ಕ್ ನೇತಾಡುತ್ತಿದ್ದ ಕಾಲ. 2018ರಲ್ಲಿ ಆ ಕಂಪನಿಯೇ ದಿವಾಳಿಯಾಗಿ ಸಮಾಪನೆಗೆ ಹೋಯಿತು. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ಕ್ಕೆ ಡಿವಿಡಿ ಬಾಡಿಗೆಗೆ ಕಳಿಸುವುದನ್ನು ನಿಲ್ಲಿಸಿತು, 2024ರಲ್ಲಿ ಬೆಸ್ಟ್ ಬೈ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಸಿನಿಮಾ ಡಿಸ್ಕ್ ಮಾರಾಟ ಬಿಟ್ಟವು.

ಡಿಸ್ಕ್ ಒತ್ತುವ ಕೆಲಸದಲ್ಲಿ ದುಬಾರಿಯಾದದ್ದು ಡಿಸ್ಕಲ್ಲ, ಅಚ್ಚು. ಮೊದಲು ಗಾಜಿನ ಮಾಸ್ಟರ್ ಮಾಡಿ, ಅದರಿಂದ ಲೋಹದ ಅಚ್ಚು ತೆಗೆದು, ಆಮೇಲೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಒತ್ತುತ್ತಾರೆ. ಈ ಮೊದಲ ಖರ್ಚು ಸಾವಿರ ಪ್ರತಿಗೂ ಬರುತ್ತದೆ, ಲಕ್ಷ ಪ್ರತಿಗೂ ಬರುತ್ತದೆ. ಲಕ್ಷ ಮಾರುವ ಭರವಸೆ ಇಲ್ಲದ ಮೇಲೆ ಹಕ್ಕು ಇದ್ದವರು ಮರುಮುದ್ರಣದ ಗೋಜಿಗೆ ಹೋಗುವುದಿಲ್ಲ. ಹೀಗಾಗಿ ಹಳೇ ಕನ್ನಡ ಸಿನಿಮಾ, ಕಂಪನಿ ನಾಟಕ, ಹಿಂದುಸ್ತಾನಿ ಬೈಠಕ್, ಪ್ರವಚನದ ಡಿಸ್ಕುಗಳಲ್ಲಿ ಬಹುಪಾಲು ಹಳೇ ಸ್ಟಾಕೇ ಕೈಯಿಂದ ಕೈಗೆ ತಿರುಗುತ್ತಿದೆ.

ಎರಡನೇ ಕಾರಣ ಸಾಫ್ಟ್‌ವೇರ್. ದೊಡ್ಡ ಸೈಟಿನಲ್ಲಿ ಮಾರುವವರು ಒಂದೊಂದು ಸಾಮಾನಿಗೂ ಕೈಯಿಂದ ರೇಟು ಹಾಕುವುದಿಲ್ಲ. 'ಎದುರಿನವನಿಗಿಂತ ಇಷ್ಟು ಪಟ್ಟು' ಎಂದು ಹೇಳಿ ಬಿಟ್ಟಿರುತ್ತಾರೆ. 2011ರಲ್ಲಿ ಅಮೆರಿಕದ ಒಂದು ಸೈಟಿನಲ್ಲಿ ನೊಣದ ಬೆಳವಣಿಗೆ ಕುರಿತ ಪಠ್ಯಪುಸ್ತಕವೊಂದರ ರೇಟು 2 ಕೋಟಿ 30 ಲಕ್ಷ ಡಾಲರ್ ದಾಟಿತ್ತು. ಇಬ್ಬರೇ ಮಾರಾಟಗಾರರು. ಒಬ್ಬನ ಯಂತ್ರ ಇನ್ನೊಬ್ಬನ ರೇಟಿನ 0.998 ಪಟ್ಟು ಹಾಕುತ್ತಿತ್ತು, ಇನ್ನೊಬ್ಬನದು ಇವನ 1.27 ಪಟ್ಟು. ದಿನಾ ಒಂದು ಸುತ್ತು ಇದೇ ಆಟ. ನಿಮ್ಮ ಡಿವಿಡಿ 249ರಿಂದ 899ಕ್ಕೆ ಜಿಗಿದಿದ್ದರೆ ಅಗ್ಗಕ್ಕೆ ಕೊಡುತ್ತಿದ್ದವನ ಸ್ಟಾಕ್ ಮುಗಿದಿರಬೇಕು, ಉಳಿದವನ ಯಂತ್ರಕ್ಕೆ ಎದುರಾಳಿ ಇಲ್ಲದಾಗಿದೆ. ಇನ್ನೊಬ್ಬ ಬಂದ ದಿನ ಇಳಿಯುತ್ತದೆ. ಕಾಯುವುದಕ್ಕೆ ಅರ್ಥ ಇರುವುದು ಇದಕ್ಕಾಗಿ.

ಪುಟದಲ್ಲಿ ಏನು ನೋಡಬೇಕು

ಮೊದಲು ರೇಟು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರದಲ್ಲಿ ಮಾರಾಟಗಾರನ ಹೆಸರು ಓದಿ. ನಮ್ಮ ದೇಶದಲ್ಲಿ ವಿದೇಶಿ ಬಂಡವಾಳದ ಮಾರ್ಕೆಟ್‌ಪ್ಲೇಸ್ ಸೈಟುಗಳು ತಾವೇ ಸರಕು ಇಟ್ಟುಕೊಂಡು ಮಾರುವಂತಿಲ್ಲ. ಮಾರುವವನು ಬೇರೆ, ಕಟ್ಟೆ ಮಾತ್ರ ಅವರದು. ಆದ್ದರಿಂದ 'ಸೈಟು ರೇಟು ಏರಿಸಿತು' ಎನ್ನುವ ಬದಲು 'ಯಾರು ಏರಿಸಿದರು' ಎಂದು ಕೇಳಿಕೊಳ್ಳಿ. 'ಇತರ ಮಾರಾಟಗಾರರು' ಎಂಬ ಕೊಂಡಿ ಪುಟದ ಮೂಲೆಯಲ್ಲಿ ಇರುತ್ತದೆ, ಮೊಬೈಲ್ ಆ್ಯಪ್‌ನಲ್ಲಿ ಇನ್ನೂ ಕೆಳಗೆ. ಮೇಲೆ ಎದ್ದು ಕಾಣುವ ರೇಟೇ ಎಲ್ಲಕ್ಕಿಂತ ಕಡಿಮೆ ಎಂದು ತಿಳಿಯಬೇಡಿ. ಬೇಗ ತಲುಪಿಸುವವನನ್ನೋ ಹೆಚ್ಚು ಅಂಕ ಇದ್ದವನನ್ನೋ ಸೈಟು ಮುಂದೆ ಕೂರಿಸಿರುತ್ತದೆ.

ಆಮೇಲೆ ಡೆಲಿವರಿ ದಿನಾಂಕ. ಹುಬ್ಬಳ್ಳಿಯ 580020ಕ್ಕೆ ನಾಲ್ಕೈದು ದಿನ ತೋರಿಸಿದರೆ ಮಾಲು ದೇಶದ ಗೋದಾಮಿನಲ್ಲಿದೆ. ಮೂರು-ನಾಲ್ಕು ವಾರ ತೋರಿಸಿದರೆ ಆತನ ಕೈಯಲ್ಲಿ ಡಿಸ್ಕ್ ಇಲ್ಲದಿರುವುದೇ ಹೆಚ್ಚು. ನೀವು ದುಡ್ಡು ಕಟ್ಟಿದ ಮೇಲೆ ಬೇರೆಡೆ ಕೊಂಡು ಕಳಿಸುತ್ತಾನೆ, ಸಿಗದಿದ್ದರೆ ಆರ್ಡರ್ ರದ್ದು ಮಾಡುತ್ತಾನೆ. ಹೀಗೆ ಮಾರುವವರ ರೇಟಿನಲ್ಲಿ ಅವರ ಅಪಾಯದ ಬೆಲೆಯೂ ಸೇರಿರುತ್ತದೆ. ಅಂಥವರಿಂದ ಕೊಳ್ಳದಿರುವುದೇ ಲೇಸು. ಪಿನ್‌ಕೋಡ್ ಬದಲಿಸಿಯೂ ನೋಡಿ: ಗದಗದ 582101 ಹಾಕಿದಾಗ ಒಬ್ಬ ಮಾರಾಟಗಾರ ಮಾಯವಾಗಿ, ಬೆಂಗಳೂರಿನ 560001 ಹಾಕಿದಾಗ ಮತ್ತೆ ಕಾಣಿಸಿಕೊಂಡರೆ, ಅವನು ಈ ಕಡೆ ಕಳಿಸುವುದಿಲ್ಲ ಎಂದರ್ಥ. ಬೆಂಗಳೂರಿನಲ್ಲಿ ಅಕ್ಕ-ತಂಗಿಯೋ ಅಳಿಯನೋ ಇದ್ದರೆ ಅವರ ವಿಳಾಸಕ್ಕೆ ತರಿಸಿ, ಹಬ್ಬಕ್ಕೆ ಊರಿಗೆ ಬರುವಾಗ ತರಲು ಹೇಳಬಹುದು.

ಇಲ್ಲಿಂದ ಮುಂದೆ ಹೆಚ್ಚಿನವರು ನೋಡದೇ ಬಿಡುವ ಜಾಗ: ಹಿಂಬದಿ ಕವರಿನ ಫೋಟೋ. ಪುಟದಲ್ಲಿ ಗೀಟು ಹೊಡೆದು ತೋರಿಸುವ ಎಂಆರ್‌ಪಿಯನ್ನು ಮಾರಾಟಗಾರನೇ ತುಂಬಿರುತ್ತಾನೆ. ನಿಜವಾದದ್ದು ಕವರಿನ ಮೇಲೆ ಅಚ್ಚಾಗಿರುತ್ತದೆ. ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಕೆಳಗಿನ ಮೂಲೆಯಲ್ಲಿ ಬಾರ್‌ಕೋಡಿನ ಪಕ್ಕ ನೋಡಿ. ಸೀಲ್ ಪ್ಯಾಕ್ ಹೊಸ ಮಾಲನ್ನು ಅಚ್ಚಾದ ಎಂಆರ್‌ಪಿ ಮೀರಿ ಮಾರುವಂತಿಲ್ಲ. ಆ ಎಂಆರ್‌ಪಿಯಲ್ಲಿ ತೆರಿಗೆ ಎಲ್ಲಾ ಸೇರಿಯೇ ಇರುತ್ತದೆ. ಅಚ್ಚಾದ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸುವುದಕ್ಕೂ 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ ಅವಕಾಶವಿಲ್ಲ. ಬೆಲೆ ಇಳಿಸಿದ ಸ್ಟಿಕ್ಕರ್ ಹಾಕಬಹುದು, ಅದೂ ಹಳೇ ಬೆಲೆ ಮುಚ್ಚದಂತೆ. ಹಿಂಬದಿಯ ಫೋಟೋನೇ ಹಾಕಿಲ್ಲವೇ? 'ಮಾರಾಟಗಾರರನ್ನು ಕೇಳಿ' ಎಂಬಲ್ಲಿ ಒಂದೇ ಸಾಲು ಬರೆಯಿರಿ: ಮುದ್ರಿತ ಎಂಆರ್‌ಪಿ ಎಷ್ಟು, ಡಿಸ್ಕ್ ಎಷ್ಟು. ಉತ್ತರ ಬಂದರೆ ಅದು ದಾಖಲೆ, ಬಾರದಿದ್ದರೆ ಬೇರೆಯವರನ್ನು ನೋಡಿ.

ಅದೇ ಬಾರ್‌ಕೋಡಿನ ಕೆಳಗಿನ 13 ಅಂಕಿಯನ್ನು ಬರೆದುಕೊಳ್ಳಿ. ನಮ್ಮ ದೇಶದ ಕಂಪನಿಗಳದ್ದು 890ರಿಂದ ಶುರುವಾಗುತ್ತದೆ. ಹೆಸರಿಗಿಂತ ಈ ಅಂಕಿಯಿಂದ ಹುಡುಕಿದರೆ ಅದೇ ಡಿಸ್ಕ್ ಬೇರೆ ಸೈಟಿನಲ್ಲಿ, ಬೇರೆ ಶೀರ್ಷಿಕೆಯಡಿ ಸಿಗುವುದುಂಟು. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿಯೊಬ್ಬನದೂ ಒಂದೊಂದು ದಾರಿ. ಭೀಮಸೇನ ಜೋಶಿಯವರ ಕಛೇರಿ ಬೇಕೆಂದರೆ 'ಐ' ಹಾಕಿ ಒಮ್ಮೆ, ಎರಡು 'ಇ' ಹಾಕಿ ಒಮ್ಮೆ ಹುಡುಕಬೇಕು. ಮಲ್ಲಿಕಾರ್ಜುನ ಮನಸೂರರದ್ದು 'ಯು' ಒಂದರಲ್ಲಿ, 'ಓ' ಎರಡರಲ್ಲಿ. ತಪ್ಪು ಕಾಗುಣಿತದ ಪುಟಗಳಿಗೆ ಗಿರಾಕಿ ಕಡಿಮೆ, ಅಲ್ಲಿ ಹಳೇ ರೇಟು ಹಾಗೇ ಕೂತಿರುವುದೂ ಉಂಟು.

ಶೀರ್ಷಿಕೆಯಲ್ಲಿ 'ಡಿವಿಡಿ' ಎಂದಿದ್ದು ಒಳಗೆ ವಿಸಿಡಿ ಬರುವುದು ಇನ್ನೊಂದು ಕಾಟ. ಕವರಿನ ಮೇಲಿನ ಲೋಗೋ ನೋಡಿ, ಡಿಸ್ಕಿನ ಸಂಖ್ಯೆಯನ್ನೂ ನೋಡಿ. ವಿಸಿಡಿ ಒಂದರಲ್ಲಿ ಸುಮಾರು 74ರಿಂದ 80 ನಿಮಿಷ ಹಿಡಿಯುತ್ತದೆ. ಎರಡೂವರೆ ತಾಸಿನ ಒಂದೇ ಸಿನಿಮಾಕ್ಕೆ ಎರಡು ಡಿಸ್ಕ್ ಎಂದರೆ ಅದು ವಿಸಿಡಿ ಇರಬಹುದು. 'ಒಂದೇ ಡಿವಿಡಿಯಲ್ಲಿ ನಾಲ್ಕು ಸಿನಿಮಾ' ಎಂಬುದರ ಲೆಕ್ಕವನ್ನೂ ಹಾಕಿ: ಸಾದಾ ಡಿವಿಡಿಯ ಜಾಗ 4.7 ಜಿಬಿ, ನಾಲ್ಕರಿಂದ ಭಾಗಿಸಿದರೆ ಸಿನಿಮಾಕ್ಕೆ 1.2 ಜಿಬಿ ಕೂಡ ಬರುವುದಿಲ್ಲ. ಚಿತ್ರ ವಿಸಿಡಿಯಷ್ಟೇ ಮಸುಕು.

ರೇಟಿನ ಇತಿಹಾಸ ನೋಡಲು ಅಮೆಜಾನ್‌ಗೆ ಕೀಪಾ ಎಂಬ ಟ್ರ್ಯಾಕರ್ ಇದೆ. ಪುಟದಲ್ಲೇ ಗ್ರಾಫ್ ತೋರಿಸುತ್ತದೆ. ನಮ್ಮ ದೇಶದ ಪುಟಗಳಲ್ಲಿ ನೋಡಬೇಕಾದದ್ದು 'ಹೊಸದು' ಎಂಬ ಗೆರೆ. ಗೆರೆ ಮೆಟ್ಟಿಲಿನಂತೆ ಮೇಲೇರಿ ಮತ್ತೆ ಧೊಪ್ಪೆಂದು ಬಿದ್ದಿದ್ದರೆ ಅದು ಸಾಫ್ಟ್‌ವೇರ್ ಆಟ, ಕಾಯಬಹುದು. ಒಮ್ಮೆ ಏರಿ ಆರೇಳು ತಿಂಗಳು ಚಪ್ಪಟೆಯಾಗಿ ನಿಂತಿದ್ದರೆ ಮಾಲು ನಿಜವಾಗಿ ಮುಗಿಯುತ್ತಿದೆ. ಆಗ ಬೇಕೇ ಬೇಕಾದದ್ದಾದರೆ ಕೊಂಡುಬಿಡಿ. ಟ್ರ್ಯಾಕರ್ ಇಲ್ಲದ ಸೈಟಿನಲ್ಲಿ ಡಿಸ್ಕನ್ನು ಕಾರ್ಟಿಗೆ ಹಾಕಿ 'ನಂತರಕ್ಕೆ ಇಡಿ' ಒತ್ತಿ. ವಾರಕ್ಕೊಮ್ಮೆ ತೆರೆದು ರೇಟು ಬರೆದಿಟ್ಟರೆ ಎಂಟು ವಾರಕ್ಕೆ ನಿಮ್ಮದೇ ಗ್ರಾಫ್ ಆಗುತ್ತದೆ.

ಲೆಕ್ಕ ಹಾಕುವಾಗ ಡಿಸ್ಕಿನ ರೇಟು ಒಂದೇ ನೋಡಬಾರದು. 299ರ ಡಿಸ್ಕಿಗೆ 79 ಡೆಲಿವರಿ, ಕ್ಯಾಶ್ ಆನ್ ಡೆಲಿವರಿ ಶುಲ್ಕ ಬೇರೆ ಸೇರಿದರೆ, ಉಚಿತವಾಗಿ ಬರುವ 349ರ ಡಿಸ್ಕೇ ಅಗ್ಗ. ಉಚಿತ ಡೆಲಿವರಿಯ ಮಿತಿ ಮುಟ್ಟಲು ಬೇಡದ ಇನ್ನೊಂದು ಡಿಸ್ಕ್ ಸೇರಿಸುವುದು ಹಳೇ ಬಲೆ. ಅದರ ಬದಲು ಒಂದೇ ಮಾರಾಟಗಾರನಿಂದ ಇಬ್ಬರು-ಮೂವರು ಸೇರಿ ಒಂದು ಆರ್ಡರ್ ಹಾಕಿ, ಒಬ್ಬರ ಮನೆಗೆ ತರಿಸಿಕೊಳ್ಳಿ.

ಹೊರದೇಶದ ಡಿಸ್ಕ್

ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ನಡೆಯುತ್ತದೆ ಎಂದು ಹೇಳುವ ರೀಜನ್ ಕೋಡ್ ನೋಡದೇ ತರಿಸಿದರೆ ಅಗ್ಗದ ಡಿಸ್ಕ್ ಚಹಾದ ಲೋಟದ ಕೆಳಗಿಡುವ ತಟ್ಟೆ ಆದೀತು. ಡಿವಿಡಿಯಲ್ಲಿ ಭಾರತ ರೀಜನ್ 5. ಅಮೆರಿಕ-ಕೆನಡಾ 1, ಯುರೋಪ್ ಮತ್ತು ಜಪಾನ್ 2. ಕವರಿನ ಹಿಂದೆ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ. 'ಆಲ್' ಅಥವಾ 0 ಇದ್ದರೆ ಎಲ್ಲ ಕಡೆ ನಡೆಯುತ್ತದೆ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದಕ್ಕೆ ಬೀಗ ಬೀಳುತ್ತದೆ. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿನ ಲೆಕ್ಕ ಬೇರೆ: ಅಲ್ಲಿ ನಮ್ಮದು 'ಸಿ', ಅಮೆರಿಕ 'ಎ', ಯುರೋಪ್ 'ಬಿ'. ಬ್ಲೂ-ರೇ ಡಿಸ್ಕ್ ಡಿವಿಡಿ ಪ್ಲೇಯರಿನಲ್ಲಿ ಓಡುವುದೇ ಇಲ್ಲ, ಅಗ್ಗ ಕಂಡಿತೆಂದು ತರಿಸಬೇಡಿ. ಹೊರದೇಶದ ಆರ್ಡರಿಗೆ ಕಸ್ಟಮ್ಸ್ ಸುಂಕ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಎರಡನ್ನೂ ಸೇರಿಸಿದ ಮೇಲೆಯೇ ಇಲ್ಲಿಯ 899 ದುಬಾರಿಯೋ ಅಲ್ಲವೋ ಹೇಳಬಹುದು.

ಪಾರ್ಸೆಲ್ ಬಂದ ದಿನ

ಒಡೆಯುವ ಮುಂಚೆ ಮೊಬೈಲಿನ ವಿಡಿಯೋ ಶುರು ಮಾಡಿ. ಲೇಬಲ್ಲಿನ ಆರ್ಡರ್ ನಂಬರ್, ಪಾರ್ಸೆಲ್ಲಿನ ಆರೂ ಬದಿ, ಕತ್ತರಿಸುವುದು, ಕವರ್, ಡಿಸ್ಕಿನ ಎರಡೂ ಮೈ, ಎಲ್ಲ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ. ತುಂಡು ತುಂಡು ವಿಡಿಯೋವನ್ನು ರಿಟರ್ನ್ ವಿಭಾಗದವರು ಸುಲಭವಾಗಿ ತಳ್ಳಿಹಾಕುತ್ತಾರೆ. ಡಿವಿಡಿಗೆ ರಿಫಂಡ್ ಇದೆಯೋ, ಬರೀ ಬದಲಿ ಪ್ರತಿ ಕೊಡುತ್ತಾರೋ, ಎಷ್ಟು ದಿನದೊಳಗೆ, ಇದನ್ನು ಆರ್ಡರ್ ಹಾಕುವ ಮುಂಚೆಯೇ ಓದಿ ಸ್ಕ್ರೀನ್‌ಶಾಟ್ ತೆಗೆದಿಟ್ಟಿರಬೇಕು.

ಕವರಿನ ಪ್ಲಾಸ್ಟಿಕ್ ಸಡಿಲಾಗಿ, ಬೆಸುಗೆ ಡೊಂಕಾಗಿ, ಮೂಲೆಯಲ್ಲಿ ಗಂಟು ಕಟ್ಟಿದ್ದರೆ ಮರುಸೀಲ್ ಆಗಿರುವ ಅನುಮಾನ. ಡಿಸ್ಕ್ ತೆಗೆಯುವಾಗ ಅಂಚು ಹಿಡಿದು ಎಳೆಯಬೇಡಿ. ನಡುವಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ತಾನೇ ಮೇಲೆ ಬರುತ್ತದೆ. ಎಳೆದರೆ ತೂತಿನ ಸುತ್ತ ಕೂದಲೆಳೆಯ ಬಿರುಕು ಬಿಡುತ್ತದೆ, ಅಂಥ ಡಿಸ್ಕ್ ವೇಗವಾಗಿ ತಿರುಗುವಾಗ ಪ್ಲೇಯರಿನೊಳಗೇ ಒಡೆಯಬಹುದು. ಬರುವಾಗಲೇ ಬಿರುಕಿದ್ದರೆ ಹಾಕಿ ನೋಡುವ ಉಸಾಬರಿಯೇ ಬೇಡ, ವಾಪಸ್.

ಈಗ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿನ ಕೆಳಮೈ ಬೆಳ್ಳಿ ಬಣ್ಣ. ಎರಡು ಪದರದ 8.5 ಜಿಬಿಯದಾದರೆ ಸ್ವಲ್ಪ ಬಂಗಾರದ ಛಾಯೆ. ಖಾಲಿ ಡಿಸ್ಕಿಗೆ ಕಂಪ್ಯೂಟರಿನಲ್ಲಿ ಬರೆದದ್ದರ, ಅಂದರೆ ಬರ್ನ್ ಮಾಡಿದ್ದರ, ಮೈ ನೇರಳೆ ಇಲ್ಲವೇ ನೀಲಿ ಹೊಡೆಯುತ್ತದೆ, ಓರೆ ಮಾಡಿದಾಗ ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ನಡುವೆ ಒಂದು ವೃತ್ತ ಎದ್ದು ಕಾಣುತ್ತದೆ. ತೂತಿನ ಹತ್ತಿರ ಕನ್ನಡಿಯಂಥ ಸಣ್ಣ ಉಂಗುರವಿದೆಯಲ್ಲ, ಅಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಇರುವೆ ಸಾಲಿನಂಥ ಅಕ್ಷರ: ಕ್ಯಾಟಲಾಗ್ ನಂಬರ್, ಬಾರ್‌ಕೋಡಿನ ಗೀಟು, ಒತ್ತಿದ ಕಾರ್ಖಾನೆಯನ್ನು ಹೇಳುವ, 'ಐಎಫ್‌ಪಿಐ' ಎಂದು ಶುರುವಾಗುವ ಗುರುತು. ಅಲ್ಲಿ ಖಾಲಿ ಡಿಸ್ಕಿನ ಕಂಪನಿಯ ಗುರುತಷ್ಟೇ ಇದ್ದರೆ ಹಣ ವಾಪಸ್ ಕೇಳಿ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಅಮೆರಿಕದ ಕೆಲವು ಕಂಪನಿಗಳು 2009ರಿಂದೀಚೆಗೆ ಬೇಡಿಕೆ ಬಂದಾಗಷ್ಟೇ ಬರ್ನ್ ಮಾಡಿ ಅಧಿಕೃತವಾಗಿಯೇ ಮಾರುತ್ತಿವೆ. ಅಲ್ಲಿಯ ನೇರಳೆ ಡಿಸ್ಕೆಲ್ಲ ಕಳ್ಳಮಾಲಲ್ಲ.

ಪೂರ್ತಿ ಹಾಕಿ ನೋಡಿ. ಡಿವಿಡಿಯನ್ನು ಓದುವುದು ಒಳಗಿನಿಂದ ಹೊರಗೆ. ಒಂದು ಪದರದ ಡಿಸ್ಕಿನಲ್ಲಿ ಶುರುವಿನಲ್ಲಿ ತಡವರಿಸಿದರೆ ತಪ್ಪು ತೂತಿನ ಕಡೆ, ಕ್ಲೈಮ್ಯಾಕ್ಸಿನಲ್ಲಿ ನಿಂತರೆ ಅಂಚಿನ ಕಡೆ. ಎರಡು ಪದರದ ಸಿನಿಮಾ ಡಿಸ್ಕಿನಲ್ಲಿ ಸಾಮಾನ್ಯವಾಗಿ ಒಳಗಿನಿಂದ ಅಂಚಿಗೆ ಹೋಗಿ ಮತ್ತೆ ಒಳಕ್ಕೆ ಬರುತ್ತದೆ, ನಡುವೆ ಅರ್ಧ ಕ್ಷಣ ಚಿತ್ರ ನಿಲ್ಲುವುದು ದೋಷವಲ್ಲ. ಎಣ್ಣೆ ಬೆರಳಿನ ಗುರುತಿದ್ದರೆ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಮೆತ್ತನೆ ಹತ್ತಿ ಬಟ್ಟೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಒರೆಸಿ ಬಿದ್ದ ಗೀರು ಡೇಟಾದ ಸಾಲಿನ ಉದ್ದಕ್ಕೇ ಸಾಗುವುದರಿಂದ ಪ್ಲೇಯರಿಗೆ ಸರಿಪಡಿಸಿಕೊಳ್ಳಲಾಗುವುದಿಲ್ಲ; ಅಡ್ಡ ಗೀರನ್ನು ಅದು ದಾಟಿಕೊಳ್ಳುತ್ತದೆ. ಟೂತ್‌ಪೇಸ್ಟ್ ಉಜ್ಜುವ ಉಪಾಯ ಒಂದು ಗೀರು ಕಳೆದು ಹತ್ತು ಕೊಡುತ್ತದೆ.

ಊರಲ್ಲೇ ಹುಡುಕುವುದು

ಆನ್‌ಲೈನ್ ರೇಟು ತಲೆ ಕೆಡಿಸಿದರೆ ಒಂದು ಸಂಜೆ ಕೊಪ್ಪಿಕರ್ ರಸ್ತೆ, ಜನತಾ ಬಜಾರ್, ಧಾರವಾಡದ ಸುಭಾಸ ರಸ್ತೆ ಸುತ್ತಿ ಬನ್ನಿ. ಚಿಗರಿ ಬಸ್ಸಿದೆ, ಎರಡೂ ಊರು ಒಂದೇ ಸಂಜೆಗೆ ಮುಗಿಯುತ್ತವೆ. ಹಿಂದೆ ಕ್ಯಾಸೆಟ್-ಸಿಡಿ ಮಾರುತ್ತಿದ್ದ ಅಂಗಡಿ ಈಗ ಮೊಬೈಲ್ ಕವರ್, ಚಾರ್ಜರ್ ಅಂಗಡಿ ಆಗಿದ್ದರೂ ಬಿಡಬೇಡಿ. 'ಡಿವಿಡಿ ಐತೇನ್ರಿ' ಎಂದರೆ 'ಈಗೆಲ್ಲಿ ಬರ್ತಾವ್ರೀ' ಎಂಬ ಉತ್ತರ ಬರುತ್ತದೆ. ಕೇಳುವ ಕ್ರಮ ಬೇರೆ: 'ಅಣ್ಣಾರ, ಹಳೇ ಸ್ಟಾಕ್ ಅಟ್ಟದ ಮ್ಯಾಲೆ ಉಳದದ್ದು ಇದ್ರ ತೋರಸ್ರಿ, ಹತ್ತಿಪ್ಪತ್ತು ಒಟ್ಟಿಗೆ ಒಯ್ತೀನಿ.' ಒಂದು ಡಿಸ್ಕಿಗಾಗಿ ಯಾರೂ ಏಣಿ ಹತ್ತುವುದಿಲ್ಲ, ಹತ್ತಿಪ್ಪತ್ತಕ್ಕೆ ಹತ್ತುತ್ತಾರೆ. ರೇಟು ಬಿಡಿಯಾಗಿ ಕೇಳಬೇಡಿ, ಗಂಟಿನ ಲೆಕ್ಕದಲ್ಲಿ ಮಾತಾಡಿ. ಅಟ್ಟದ ಮಾಲಿನಲ್ಲಿ ಧೂಳಿಗಿಂತ ದೊಡ್ಡ ವೈರಿ ತಗಡಿನ ಮಾಡಿನ ಕಾವು. ಡಿಸ್ಕನ್ನು ಗಾಜಿನ ಕೌಂಟರ್ ಮೇಲೆ ಮಲಗಿಸಿ, ಅಂಚು ಎಲ್ಲಾದರೂ ಎದ್ದಿದ್ದರೆ ಬಿಡಿ; ಸೊಟ್ಟಗಾದದ್ದು ಸರಿಹೋಗುವುದಿಲ್ಲ. ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದಂಥ ಚುಕ್ಕೆ ಕಂಡರೂ ಬೇಡ.

ಮನೆ ಬದಲಿಸುವವರು, ರಿಟೈರ್ ಆದವರು ಮಾರುವ ಪೂರ್ತಿ ಸಂಗ್ರಹಗಳು ಎಲ್ಲಕ್ಕಿಂತ ಅಗ್ಗ. ಅಲ್ಲಿ ಬೇಡದ್ದೂ ಬರುತ್ತದೆ, ಒಪ್ಪಿಕೊಳ್ಳಬೇಕು.

ಹೆಚ್ಚು ತೆಗೆದುಕೊಂಡರೆ

ರೇಟು ಏರಿಸಿದ್ದೇ ಅಪರಾಧ ಅಲ್ಲ. ಅಚ್ಚಾದ ಎಂಆರ್‌ಪಿ 999 ಇದ್ದು 899 ಕೂಗಿದರೆ ದೂರಿಗೆ ಜಾಗವಿಲ್ಲ. 'ಬಳಸಿದ್ದು' ಎಂದು ಬರೆದು ಮಾರಿದ್ದರೂ ಎಂಆರ್‌ಪಿ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದರೆ ಹೊಸದೆಂದು ಮಾರಿದ ಸೀಲ್ ಪ್ಯಾಕಿನ ಮೇಲೆ 199 ಅಚ್ಚಾಗಿದ್ದು ನಿಮ್ಮಿಂದ 499 ತೆಗೆದುಕೊಂಡಿದ್ದರೆ ಬಿಡುವ ಕಾರಣವಿಲ್ಲ. ಬಿಲ್, ಆರ್ಡರ್ ಪುಟದ ಸ್ಕ್ರೀನ್‌ಶಾಟ್, ಅಚ್ಚಾದ ಬೆಲೆಯ ಫೋಟೋ, ಈ ಮೂರನ್ನು ಜೋಡಿಸಿ ಸೈಟಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಬಂದದ್ದನ್ನು ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ನಲ್ಲಿ ಮಾತಾಡಿ ಬಿಟ್ಟರೆ ಸಾಲದು, ಇಮೇಲ್ ಕಳಿಸಿ ದೂರಿನ ಸಂಖ್ಯೆ ಪಡೆಯಿರಿ.

ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಂಆರ್‌ಪಿ ಮೀರಿದ್ದಕ್ಕೆ ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಬರೆಯಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಿಂದ ಮಾರಾಟಗಾರ ದಿಲ್ಲಿಯಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಗಡುವು ಎರಡು ವರ್ಷ. 300 ರೂಪಾಯಿಗೆ ಇಷ್ಟೆಲ್ಲ ಯಾಕೆ ಎನಿಸಬಹುದು. ಎಷ್ಟೋ ಸಲ 1915ರ ದೂರಿನ ಸಂಖ್ಯೆ ಕಂಡಾಗಲೇ ಮಾರಾಟಗಾರ ಹಣ ಹಾಕಿಬಿಡುತ್ತಾನೆ.

ಕೊಂಡದ್ದು ನಡೆಯಬೇಕಲ್ಲ

ಡಿಸ್ಕ್ ಸರಿಯಿದ್ದೂ ಚಿತ್ರ ಬಾರದಿದ್ದರೆ ಕೇಬಲ್ ನೋಡಿ. ಹೊಸ ಟಿವಿಗಳಲ್ಲಿ ಹಳದಿ-ಬಿಳಿ-ಕೆಂಪು ತೂತುಗಳ ಬದಲು ಹೆಡ್‌ಫೋನಿನಂಥ ಒಂದೇ ತೂತು ಇರುತ್ತದೆ. ಅದಕ್ಕೆ ಹಾಕುವ ಕೇಬಲ್ ಎಲ್ಲ ಕಂಪನಿಯದೂ ಒಂದೇ ಥರ ಕಂಡರೂ ಒಳಗಿನ ವೈರಿನ ಕ್ರಮ ಬೇರೆ ಬೇರೆ. ತಪ್ಪು ಕೇಬಲ್ ಹಾಕಿದರೆ ಚಿತ್ರದ ಬದಲು ಗುಂಯ್ ಎಂಬ ಸದ್ದು, ಇಲ್ಲವೇ ಕಪ್ಪು-ಬಿಳುಪು ಚಿತ್ರ. ಹಳದಿ ಪಿನ್ನನ್ನು ಕೆಂಪಿನ ಜಾಗಕ್ಕೆ ಬದಲಿಸಿ ನೋಡಿ, ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪ್ಲೇಯರ್ ಹೊಸದಾಗಿ ಕೊಳ್ಳುವುದಿದ್ದರೆ ಎಚ್‌ಡಿಎಂಐ ಇರುವುದನ್ನೇ ತನ್ನಿ. ಕಂಪ್ಯೂಟರಿನ ಯುಎಸ್‌ಬಿ ಡಿವಿಡಿ ಡ್ರೈವನ್ನು ಟಿವಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಡಿಸ್ಕುಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಜಿಪ್ ಇರುವ ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆ ತೇವಕ್ಕೆ ಡಿಸ್ಕಿನ ಮೈಗೆ ಅಂಟಿಕೊಳ್ಳುತ್ತದೆ; ಗಟ್ಟಿ ಡಬ್ಬಿಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಡಿಸ್ಕಿನ ಮೇಲೆ ಹೆಸರಿನ ಚೀಟಿ ಅಂಟಿಸಿದರೆ ತೂಕ ಒಂದು ಕಡೆ ವಾಲಿ ತಿರುಗುವಾಗ ನಡುಗುತ್ತದೆ, ಹೆಸರನ್ನು ಡಬ್ಬಿಯ ಬೆನ್ನಿಗೆ ಬರೆಯಿರಿ.